ಡಬಲ್ ಕ್ಲಿಕ್ ಮಾಡಿದ್ರೆ ಡಿಸೈನ್ ಫೈಲ್ ಓಪನ್ ಆಗ್ತಿಲ್ಲ, ಫಾರ್ಮ್ಯಾಟ್ ಮಾಡ್ದೆ ಸರಿ ಮಾಡೋಕಾಗುತ್ತಾ?

ಅಚ್ಚುಮೊಳೆ
ಎಲ್ರಿಗೂ ನಮಸ್ಕಾರ. ಸುಲ್ತಾನ್‌ಪೇಟೆ ಹತ್ರ ಡಿಟಿಪಿ ಕೆಲ್ಸ ಮಾಡ್ತೀನಿ, ಮದ್ವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು ಇಂಥವೆಲ್ಲ. ವಿಂಡೋಸ್ 10 ಸಿಸ್ಟಂ. ತುಂಬಾ ಸ್ಲೋ ಆಗಿತ್ತು ಅಂತ ಎಸ್‌ಎಸ್‌ಡಿ ಹಾಕ್ಸಿದ್ವಿ, ಮುಂಚೆ ಡಿ ಡ್ರೈವ್‌ನಲ್ಲಿದ್ದ ಡಿಸೈನ್ ಮಾಡೋ ಕೋರಲ್ ಡ್ರಾ, ಪುಟ ಜೋಡಿಸೋ ಪೇಜ್‌ಮೇಕರ್ ಎರಡನ್ನೂ ತೆಗ್ದು ಸಿ ಡ್ರೈವ್‌ಗೆ ಹೊಸದಾಗಿ ಹಾಕಿ ಕೊಟ್ರು. ಸಾಫ್ಟ್‌ವೇರ್ ಚೆನ್ನಾಗೇ ಓಡ್ತಿದೆ, ಒಳಗಿಂದ ಫೈಲ್ ಮೆನುಗೆ ಹೋಗಿ ಓಪನ್ ಕೊಟ್ರೆ ಹಳೇ ಕೆಲ್ಸ ಎಲ್ಲ ಬರುತ್ತೆ. ಆದ್ರೆ ಫೋಲ್ಡರ್‌ನಲ್ಲಿ ಕೋರಲ್‌ನ ಡಾಟ್ ಸಿಡಿಆರ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಯಾವ್ದರಲ್ಲಿ ಓಪನ್ ಮಾಡ್ಬೇಕು ಅಂತ ಕೇಳುತ್ತೆ, ಐಕಾನ್ ಕೂಡ ಹೋಗಿ ಬಿಳಿ ಹಾಳೆ ಥರ ಕಾಣ್ತಿದೆ. ಪೇಜ್‌ಮೇಕರ್‌ನ ಡಾಟ್ ಪಿಎಂಡಿ ಫೈಲ್‌ಗಳದ್ದೂ ಅದೇ ಕಥೆ. ಸರ್ವಿಸ್‌ನವ್ರಿಗೆ ಫೋನ್ ಮಾಡಿದ್ರೆ ಫಾರ್ಮ್ಯಾಟ್ ಹೊಡಿಬೇಕು ಅಂತಾರೆ. ಇಷ್ಟು ವರ್ಷದ ಫಾಂಟು, ಕೀಬೋರ್ಡ್ ಸೆಟ್ಟಿಂಗು, ಪ್ರಿಂಟರ್ ಪ್ರೊಫೈಲು ಎಲ್ಲ ಮತ್ತೆ ಕೂಡ್ಸೋದು ಅಂದ್ರೆ ಸೀಸನ್‌ನಲ್ಲಿ ಆಗೋ ಮಾತಲ್ಲ. ಬೇರೆ ದಾರಿ ಇದ್ರೆ ದಯವಿಟ್ಟು ಹೇಳಿ.

ಗಾಂಧಿಬಜಾರ್_ಕಾಫಿ
ಫೈಲ್ ಮೇಲೆ ರೈಟ್ ಕ್ಲಿಕ್, ಓಪನ್ ವಿತ್, ಚೂಸ್ ಅನದರ್ ಆ್ಯಪ್, ಅಲ್ಲಿ ಕೋರಲ್ ಸೆಲೆಕ್ಟ್ ಮಾಡಿ ಕೆಳಗೆ ಆಲ್ವೇಸ್ ಅಂತ ಇರೋ ಬಾಕ್ಸ್‌ಗೆ ಟಿಕ್ ಹಾಕಿ. ಮುಗೀತು ಅಲ್ವಾ?

ಅಚ್ಚುಮೊಳೆ
ಅದನ್ನೇ ಮೊದ್ಲು ಮಾಡಿದ್ದು ಸರ್. ಲಿಸ್ಟ್‌ನಲ್ಲಿ ಕೋರಲ್ ಕಾಣಲ್ಲ. ಕೆಳಗೆ ಹೋಗಿ ಪಿಸಿಲಿ ಹುಡುಕು ಅನ್ನೋದು ಒತ್ತಿ, ಪ್ರೋಗ್ರಾಂ ಫೈಲ್ಸ್ ಒಳಗೆ ಹೋಗಿ ಕೋರಲ್ ಓಡ್ಸೋ ಇಎಕ್ಸ್‌ಇ ಫೈಲ್ ಸೆಲೆಕ್ಟ್ ಮಾಡಿ ಓಕೆ ಕೊಡ್ತೀನಿ, ಏನೂ ಆಗಲ್ಲ. ಎರರ್ ಕೂಡ ಬರಲ್ಲ. ವಿಂಡೋ ಮುಚ್ಕೊಳುತ್ತೆ, ಮತ್ತೆ ತೆಗೆದ್ರೆ ಲಿಸ್ಟ್ ಮುಂಚಿನ ಥರಾನೇ ಇರುತ್ತೆ.

ಎಸ್‌ಪಿರೋಡ್_ಹುಡುಗ
ಅಣ್ಣ, ಫಾರ್ಮ್ಯಾಟ್ ಖಂಡಿತ ಬೇಡ, ತಡೀರಿ. ಎರರ್ ಇಲ್ದೆ ಸುಮ್ನೆ ಮುಚ್ಕೊಳುತ್ತೆ ಅಂದ್ರಲ್ಲ, ಅದ್ರಲ್ಲೇ ಉತ್ತರ ಇದೆ. ಸ್ವಲ್ಪ ಉದ್ದ ಬರೀತೀನಿ, ಕೂತ್ಕೊಂಡು ಓದಿ, ಯಾಕಂದ್ರೆ ಇದು ಅರ್ಥ ಆಗ್ದೆ ಜನ ಎಷ್ಟೋ ಸಿಸ್ಟಂ ಸುಮ್ಸುಮ್ನೆ ಫಾರ್ಮ್ಯಾಟ್ ಮಾಡ್ತಿದಾರೆ.

ಮೊದಲ್ನೇದು, ನಿಮ್ಮ ಫೈಲ್‌ಗೆ ಏನೂ ಆಗಿಲ್ಲ. ಯಾವ ಫೈಲ್ ಯಾವ ಸಾಫ್ಟ್‌ವೇರಲ್ಲಿ ತೆಗಿಬೇಕು ಅನ್ನೋ ವಿಷ್ಯ ಫೈಲ್ ಒಳಗೆ ಬರ್ದಿರಲ್ಲ. ವಿಂಡೋಸ್ ಹೆಸರಿನ ಕೊನೆ ನೋಡುತ್ತೆ, ಡಾಟ್ ಸಿಡಿಆರ್ ಅಂತ ಇದ್ರೆ ರಿಜಿಸ್ಟ್ರಿಗೆ, ಅಂದ್ರೆ ತನ್ನ ಸೆಟ್ಟಿಂಗ್‌ಗಳನ್ನ ಬರ್ದಿಡೋ ಜಾಗಕ್ಕೆ ಹೋಗಿ ಇದಕ್ಕೆ ಯಾರು ಅಂತ ಕೇಳುತ್ತೆ. ರಿಜಿಸ್ಟ್ರಿ ಒಂದು ಪ್ರೋಗ್‌ಐಡಿ, ಅಂದ್ರೆ ಆ ಥರದ ಫೈಲ್‌ಗೆ ಸಾಫ್ಟ್‌ವೇರ್ ಇಟ್ಟಿರೋ ಗುರುತಿನ ಹೆಸರು ಕೊಡುತ್ತೆ, ಆ ಪ್ರೋಗ್‌ಐಡಿ ಒಳಗೆ ಶೆಲ್, ಅದರೊಳಗೆ ಓಪನ್, ಅದರೊಳಗೆ ಕಮಾಂಡ್, ಅಲ್ಲಿ ಇಎಕ್ಸ್‌ಇ ಎಲ್ಲಿದೆ ಅಂತ ಪೂರ್ತಿ ದಾರಿ ಬರ್ದಿರುತ್ತೆ. ಮನೆ ಶ್ರೀರಾಂಪುರದಿಂದ ರಾಜಾಜಿನಗರಕ್ಕೆ ಶಿಫ್ಟ್ ಆಗಿದೆ, ಪೋಸ್ಟ್‌ಮ್ಯಾನ್ ಹತ್ರ ಮಾತ್ರ ಹಳೇ ಅಡ್ರೆಸ್ಸೇ ಇದೆ, ನಿಮ್ಮ ಸಿಸ್ಟಂದು ಇಷ್ಟೇ ತೊಂದ್ರೆ.

ಎರಡನೇದು, ಈ ಅಡ್ರೆಸ್ ಒಂದು ಕಡೆ ಇರಲ್ಲ. ಇಡೀ ಮೆಷಿನ್‌ಗೆ ಅಂತ ಲೋಕಲ್ ಮೆಷಿನ್ ಕೆಳಗೆ ಸಾಫ್ಟ್‌ವೇರ್ ಕ್ಲಾಸಸ್‌ನಲ್ಲಿ ಒಂದು, ನಿಮ್ಮ ಲಾಗಿನ್‌ಗೆ ಮಾತ್ರ ಅಂತ ಕರೆಂಟ್ ಯೂಸರ್ ಕೆಳಗೆ ಅದೇ ಸಾಫ್ಟ್‌ವೇರ್ ಕ್ಲಾಸಸ್‌ನಲ್ಲಿ ಇನ್ನೊಂದು. ಕ್ಲಾಸಸ್ ರೂಟ್ ಅಂತ ಕಾಣೋದು ಬೇರೆ ಜಾಗ ಅಲ್ಲ, ಇವೆರಡನ್ನೂ ಸೇರ್ಸಿ ತೋರ್ಸೋದು ಅಷ್ಟೇ, ಎರಡರಲ್ಲೂ ಒಂದೇ ಹೆಸರಿದ್ರೆ ಯೂಸರ್‌ದೇ ಗೆಲ್ಲುತ್ತೆ. ಇವೆಲ್ಲದರ ಮೇಲೆ ಯೂಸರ್‌ಚಾಯ್ಸ್ ಅಂತ ಒಂದು ಕೀ, ಅಂದ್ರೆ ರಿಜಿಸ್ಟ್ರಿ ಒಳಗಿನ ಫೋಲ್ಡರ್ ಥರದ್ದು, ಇದೆ, ನೀವು ಆಲ್ವೇಸ್ ಟಿಕ್ ಹಾಕಿದಾಗ ಬರ್ಕೊಳೋದು ಅಲ್ಲೇ. ಸಾಫ್ಟ್‌ವೇರ್ ಮತ್ತೆ ಇನ್‌ಸ್ಟಾಲ್ ಮಾಡಿದ್ರೆ ಕೆಳಗಿಂದು ಸರಿ ಹೋಗುತ್ತೆ, ಮೇಲಿರೋ ಯೂಸರ್‌ಚಾಯ್ಸ್ ಹಾಗೇ ಉಳ್ಕೊಂಡು ಹಳೇದನ್ನೇ ತೋರಿಸ್ತಾ ಇರುತ್ತೆ.

ಮೂರನೇದು, ನಿಮಗೆ ಆಗ್ತಿರೋದು. ಹಿಂದೆ ಯಾವಾಗಲೋ ಬ್ರೌಸ್ ಮಾಡಿ ಇಎಕ್ಸ್‌ಇ ಆರ್ಸಿರ್ತೀರ. ಆಗ ವಿಂಡೋಸ್ ಅಪ್ಲಿಕೇಶನ್ಸ್ ಅನ್ನೋ ಕೀ ಕೆಳಗೆ ಆ ಇಎಕ್ಸ್‌ಇ ಹೆಸರಲ್ಲಿ ಒಂದು ಎಂಟ್ರಿ ಮಾಡಿಟ್ಟಿರುತ್ತೆ. ಗಮನಿಸಿ, ಬರೀ ಹೆಸರಲ್ಲಿ, ಪೂರ್ತಿ ದಾರಿ ಲೆಕ್ಕಕ್ಕಿಲ್ಲ. ಈಗ ಸಿ ಡ್ರೈವ್‌ನಲ್ಲಿರೋ ಅದೇ ಹೆಸರಿನ ಇಎಕ್ಸ್‌ಇ ತೋರಿಸ್ತೀರ, ವಿಂಡೋಸ್ ಈ ಹೆಸರು ಆಗ್ಲೇ ಇದೆ ಅಂದ್ಕೊಂಡು ಹೊಸ ದಾರಿ ಬರ್ಕೊಳಲ್ಲ, ಹಳೇ ಎಂಟ್ರಿ ನೋಡಿದ್ರೆ ಡಿ ಡ್ರೈವ್‌ನಲ್ಲಿ ಏನೂ ಇಲ್ಲ, ಅದಕ್ಕೆ ಲಿಸ್ಟ್‌ನಲ್ಲೂ ತೋರ್ಸಲ್ಲ. ಎಷ್ಟು ಸಲ ಬ್ರೌಸ್ ಮಾಡಿದ್ರೂ ಹೀಗೇನೆ.

ಅಚ್ಚುಮೊಳೆ
ಅಬ್ಬಾ, ಈಗ ಅರ್ಥ ಆಯ್ತು. ಸರಿ ಮಾಡೋದು ಹೇಗೆ ಹೇಳಿ. ರಿಜಿಸ್ಟ್ರಿ ಅಂದ್ರೆ ಭಯ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ.

ಎಸ್‌ಪಿರೋಡ್_ಹುಡುಗ
ಭಯ ಇರ್ಲಿ ಅಣ್ಣ, ಒಳ್ಳೇದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ರೆಜ್‌ಎಡಿಟ್ ಅಂತ ಟೈಪ್ ಮಾಡಿ. ನಾನು ಇಲ್ಲಿ ಎಲ್ಲ ಕನ್ನಡದಲ್ಲಿ ಬರೀತಿದೀನಿ, ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ಬೇಕು. ತೆಗೆದ ಮೇಲೆ ಎಡಗಡೆ ಕರೆಂಟ್ ಯೂಸರ್, ಸಾಫ್ಟ್‌ವೇರ್, ಕ್ಲಾಸಸ್, ಅಪ್ಲಿಕೇಶನ್ಸ್ ಅಂತ ಇಳ್ಕೊಂಡು ಹೋಗಿ. ಅಲ್ಲಿ ಕೋರಲ್‌ನ ಇಎಕ್ಸ್‌ಇ ಹೆಸರು ಕಾಣ್ಬೇಕು. ಮುಟ್ಟೋಕೆ ಮುಂಚೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟು ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡಿ. ಏನಾದ್ರೂ ಎಡವಟ್ಟಾದ್ರೆ ಆ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಮುಂಚೆ ಇದ್ದ ವ್ಯಾಲ್ಯೂ ವಾಪಸ್ ಬರುತ್ತೆ. ಆಮೇಲೆ ಅದರೊಳಗೆ ಶೆಲ್, ಓಪನ್, ಕಮಾಂಡ್, ಬಲಗಡೆ ಡೀಫಾಲ್ಟ್ ಅಂತ ಇರೋದನ್ನ ತೆಗೆದ್ರೆ ಡಿ ಡ್ರೈವ್‌ನ ಹಳೇ ದಾರಿ ಇರುತ್ತೆ. ಅದನ್ನ ಈಗಿನ ಸಿ ಡ್ರೈವ್ ದಾರಿಗೆ ಬದಲಾಯಿಸಿ. ಇಎಕ್ಸ್‌ಇ ದಾರಿ ಸುತ್ತ ಡಬಲ್ ಕೋಟ್ಸ್ ಇರ್ಬೇಕು, ಆಮೇಲೆ ಒಂದು ಸ್ಪೇಸ್, ಆಮೇಲೆ ಫೈಲ್ ಹೆಸರು ಬಂದು ಕೂರೋ ಜಾಗ "%1" ಅದೂ ಕೋಟ್ಸ್ ಒಳಗೆ. ಓಕೆ ಕೊಡಿ, ಒಂದ್ಸಲ ಸೈನ್ ಔಟ್ ಆಗಿ ಬನ್ನಿ.

ಇನ್ನೊಂದು ಮಾತು ಅಣ್ಣ, ನಿಮ್ಮ ಲಾಗಿನ್ ಸಾಧಾರಣ ಯೂಸರ್ ಆಗಿದ್ದು ರೆಜ್‌ಎಡಿಟ್ ಮಾತ್ರ ಬೇರೆ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ತೆಗೆದ್ರೆ, ಅಲ್ಲಿ ಕರೆಂಟ್ ಯೂಸರ್ ಅಂದ್ರೆ ಆ ಅಡ್ಮಿನ್, ನೀವಲ್ಲ. ನೀವು ಎಷ್ಟು ತಿದ್ದಿದ್ರೂ ಅವ್ರ ಅಕೌಂಟ್ ಸರಿ ಹೋಗುತ್ತೆ, ನಿಮ್ದು ಹಾಗೇ ಇರುತ್ತೆ. ಇದು ತುಂಬಾ ಜನರನ್ನ ಸುಸ್ತು ಮಾಡಿರೋ ವಿಷ್ಯ.

ನಾಗರಬಾವಿ_ಸೈಬರ್
ಇಷ್ಟೆಲ್ಲ ಯಾಕೆ ಗುರು, ರಿಜಿಸ್ಟ್ರಿ ಕ್ಲೀನರ್ ಸಾಫ್ಟ್‌ವೇರ್ ಸಿಗುತ್ತಲ್ಲ ಫ್ರೀ, ಒಂದು ಸ್ಕ್ಯಾನ್ ಹೊಡ್ದ್ರೆ ಎಲ್ಲ ಕ್ಲೀನ್ ಆಗುತ್ತೆ. ಇಲ್ಲಾಂದ್ರೆ ನೆಟ್‌ನಲ್ಲಿ ರಿಜಿಸ್ಟ್ರಿ ಬದಲಾಯಿಸೋ ರೆಜ್ ಫೈಲ್ ಸಿಗುತ್ತೆ, ಡಬಲ್ ಕ್ಲಿಕ್ ಮಾಡಿದ್ರೆ ಎಲ್ಲಾ ಎಕ್ಸ್‌ಟೆನ್ಷನ್ ರೀಸೆಟ್.

ಎಸ್‌ಪಿರೋಡ್_ಹುಡುಗ
ಗುರು ಬೇಜಾರ್ ಮಾಡ್ಕೋಬೇಡಿ, ಆದ್ರೆ ಇದನ್ನ ನಾನು ಒಪ್ಪಲ್ಲ. ಕ್ಲೀನರ್‌ಗೆ ಗೊತ್ತಿರೋದು ಫೈಲ್ ಇಲ್ಲದ ದಾರಿಯನ್ನ ಅಳ್ಸೋದು ಮಾತ್ರ, ಹೊಸ ದಾರಿ ಬರ್ಯೋದು ಅದಕ್ಕೆ ಗೊತ್ತಾಗಲ್ಲ, ಜೊತೆಗೆ ಪೆನ್‌ಡ್ರೈವ್ ಅಥವಾ ನೆಟ್‌ವರ್ಕ್ ಡ್ರೈವ್ ಆ ಟೈಮ್‌ನಲ್ಲಿ ಕನೆಕ್ಟ್ ಆಗಿಲ್ಲ ಅಂದ್ರೆ ಚೆನ್ನಾಗಿರೋ ಎಂಟ್ರಿನೂ ಕಸ ಅಂತ ಎತ್ತಿ ಬಿಸಾಕಬಹುದು. ನೆಟ್‌ನಲ್ಲಿ ಸಿಗೋ ರೆಜ್ ಫೈಲ್ ಬೇರೆ ಯಾರದೋ ಸಿಸ್ಟಂದು, ಅವ್ರ ಸಾಫ್ಟ್‌ವೇರ್ ಇರೋ ಜಾಗ ನಿಮ್ದಲ್ಲ.

ಇನ್ನೂ ದೊಡ್ಡ ಕಾರಣ ಯೂಸರ್‌ಚಾಯ್ಸ್. 2012ರಲ್ಲಿ ವಿಂಡೋಸ್ 8 ಬಂದಾಗಿಂದ ಆ ಕೀ ಒಳಗೆ ಪ್ರೋಗ್‌ಐಡಿ ಜೊತೆ ಹ್ಯಾಶ್ ಅಂತ ಇನ್ನೊಂದು ವ್ಯಾಲ್ಯೂ ಇರುತ್ತೆ, ನಿಮ್ಮ ಅಕೌಂಟು, ಎಕ್ಸ್‌ಟೆನ್ಷನ್, ಪ್ರೋಗ್‌ಐಡಿ ಇವೆಲ್ಲ ಸೇರ್ಸಿ ಲೆಕ್ಕ ಹಾಕಿರೋದು. ಯಾವ್ದೋ ಸಾಫ್ಟ್‌ವೇರು ಹಿಂಬಾಗಿಲಿಂದ ಬಂದು ನಿಮ್ಮ ಡೀಫಾಲ್ಟ್ ಕದಿಬಾರ್ದು ಅಂತ ಮಾಡಿರೋದು, ಅದು ಬೇಕಾಗಿತ್ತು ಅಂತಾನೇ ನನ್ನ ಅಭಿಪ್ರಾಯ. ಬೇರೆ ಸಿಸ್ಟಂನ ರೆಜ್ ಫೈಲ್ ತಂದು ಹಾಕಿದ್ರೆ ಹ್ಯಾಶ್ ತಾಳೆ ಆಗಲ್ಲ, ವಿಂಡೋಸ್ ಅದನ್ನ ಕೆಟ್ಟಿದೆ ಅಂದ್ಕೊಂಡು ತಾನೇ ಬೇರೆ ಡೀಫಾಲ್ಟ್ ಕೂರ್ಸುತ್ತೆ. ಆಪ್ ಡೀಫಾಲ್ಟ್ ರೀಸೆಟ್ ಆಗಿದೆ ಅಂತ ಮೂಲೇಲಿ ನೋಟಿಫಿಕೇಶನ್ ನೋಡಿರ್ತೀರಲ್ಲ, ಅದು ಬರೋ ಕಾರಣಗಳಲ್ಲಿ ಇದೂ ಒಂದು. ಹಾಗಾಗಿ ಯೂಸರ್‌ಚಾಯ್ಸ್ ಕೈಯಲ್ಲಿ ತಿದ್ದೋಕೆ ಹೋಗ್ಬಾರ್ದು. ಅದು ಕೆಟ್ಟಿದ್ರೆ ಬರೀ ಆ ಎಕ್ಸ್‌ಟೆನ್ಷನ್‌ನ ಯೂಸರ್‌ಚಾಯ್ಸ್ ಕೀ ಒಂದನ್ನ ಡಿಲೀಟ್ ಮಾಡಿ, ಸೆಟ್ಟಿಂಗ್ಸ್‌ನಿಂದ ಹೊಸದಾಗಿ ಆರ್ಸೋದು ಸರಿಯಾದ ದಾರಿ.

ಅಚ್ಚುಮೊಳೆ
ಕೋರಲ್ ಸರಿ ಹೋಯ್ತು! ಅಪ್ಲಿಕೇಶನ್ಸ್ ಒಳಗೆ ನೀವು ಹೇಳ್ದಂಗೆ ಡಿ ಡ್ರೈವ್ ದಾರಿನೇ ಇತ್ತು. ತಿದ್ದಿ ಸೈನ್ ಔಟ್ ಆಗಿ ಬಂದೆ, ಡಬಲ್ ಕ್ಲಿಕ್ ಮಾಡಿದ್ ತಕ್ಷಣ ಓಪನ್ ಆಯ್ತು. ತುಂಬಾ ಥ್ಯಾಂಕ್ಸ್ ತಮ್ಮ. ಆದ್ರೆ ಐಕಾನ್ ಇನ್ನೂ ಬಿಳಿ ಹಾಳೆನೇ. ಮತ್ತೆ ಪೇಜ್‌ಮೇಕರ್‌ದು ಬೇರೆ ಥರ ಆಗ್ತಿದೆ, ಕೆಲವು ಫೈಲ್ ಓಪನ್ ಆಗುತ್ತೆ, ಕೆಲವು ಆಗಲ್ಲ, ಫೈಲ್ ಸಿಗ್ತಿಲ್ಲ ಅಂತ ಎರರ್ ಕೊಡುತ್ತೆ. ಫೈಲ್ ಕಣ್ಮುಂದೆನೇ ಇದೆ!

ಎಸ್‌ಪಿರೋಡ್_ಹುಡುಗ
ಐಕಾನ್ ದೊಡ್ಡ ವಿಷ್ಯ ಅಲ್ಲ, ವಿಂಡೋಸ್ ಐಕಾನ್‌ಗಳನ್ನ ಕ್ಯಾಶ್‌ನಲ್ಲಿ ಇಟ್ಕೊಂಡಿರುತ್ತೆ. ರನ್‌ನಲ್ಲಿ ಐಇ4ಯುಇನಿಟ್ ಡಾಟ್ ಇಎಕ್ಸ್‌ಇ ಅಂತ ಹೊಡ್ದು ಸ್ಪೇಸ್ ಬಿಟ್ಟು ಮೈನಸ್ ಶೋ ಅಂತ ಸೇರ್ಸಿ, ರಿಫ್ರೆಶ್ ಆಗುತ್ತೆ.

ಪೇಜ್‌ಮೇಕರ್‌ನಲ್ಲಿ ಓಪನ್ ಆಗದೇ ಇರೋ ಫೈಲ್‌ಗಳ ಹೆಸರು ಹೇಗಿದೆ ನೋಡಿ. ಹೆಸರಲ್ಲಿ ಸ್ಪೇಸ್ ಇದ್ಯಾ?

ಅಚ್ಚುಮೊಳೆ
ನೋಡ್ದೆ. ಎರಡು ಥರ ಇದೆ. ಕೆಲವು ಫೈಲ್ ಹೆಸರು ಇಂಗ್ಲಿಷ್‌ನಲ್ಲೇ ಇದೆ ಆದ್ರೆ ಮಧ್ಯ ಸ್ಪೇಸ್ ಇದೆ. ಇನ್ನು ಕೆಲವು ಕನ್ನಡದಲ್ಲೇ ಹೆಸರಿಟ್ಟಿರೋವು, ಲಗ್ನಪತ್ರಿಕೆ, ನಾಮಕರಣ ಈ ಥರ. ಕನ್ನಡದ್ದು ಒಂದೂ ಓಪನ್ ಆಗಲ್ಲ, ಎರರ್‌ನಲ್ಲಿ ಹೆಸರು ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತೆ.

ಎಸ್‌ಪಿರೋಡ್_ಹುಡುಗ
ಸ್ಪೇಸ್‌ದು ಸುಲಭ. ಪೇಜ್‌ಮೇಕರ್‌ದೂ ಅದೇ ಥರ ಕಮಾಂಡ್ ತೆಗೀರಿ, ಕೊನೆಯಲ್ಲಿ %1 ಬರೀ ಇರುತ್ತೆ ನೋಡಿ, ಕೋಟ್ಸ್ ಇಲ್ದೆ. ಕೋಟ್ಸ್ ಇಲ್ಲಾಂದ್ರೆ ಮದುವೆ ಕಾರ್ಡ್ ಫೈನಲ್ ಅನ್ನೋ ಒಂದು ಹೆಸರು ಮೂರು ತುಂಡಾಗಿ ಹೋಗುತ್ತೆ, ಸಾಫ್ಟ್‌ವೇರ್ ಮದುವೆ ಅನ್ನೋ ಫೈಲ್ ಹುಡುಕಿ ಇಲ್ಲ ಅನ್ನುತ್ತೆ. "%1" ಅಂತ ಮಾಡಿ. ಕನ್ನಡ ಹೆಸರಿನ ವಿಷ್ಯ ಲಿಪಿಕಾರ ಸರ್ ಹೇಳ್ತಾರೆ, ಅವ್ರು ಇದ್ರಲ್ಲಿ ಪಳಗಿದವ್ರು.

ಲಿಪಿಕಾರ
ಕರೆದಿದ್ದಕ್ಕೆ ಧನ್ಯವಾದ. ಇದು ಅಸೋಸಿಯೇಷನ್, ಅಂದ್ರೆ ಯಾವ ಫೈಲ್ ಯಾವ ಸಾಫ್ಟ್‌ವೇರ್‌ಗೆ ಅನ್ನೋ ನಂಟು, ಕೆಟ್ಟಿರೋದಲ್ಲ, ನೋಡೋಕೆ ಮಾತ್ರ ಹಾಗೇ ಕಾಣುತ್ತೆ, ಅದಕ್ಕೇ ಜನ ತಪ್ಪು ಜಾಗದಲ್ಲಿ ರಿಪೇರಿ ಮಾಡ್ತಾ ಕೂರ್ತಾರೆ.

ಯೂನಿಕೋಡ್ ಅಂದ್ರೆ ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡೋ ಪದ್ಧತಿ. ಕನ್ನಡ 1991ರ ಮೊದಲ ಯೂನಿಕೋಡ್ ಆವೃತ್ತಿಯಿಂದಲೇ ಅದ್ರಲ್ಲಿದೆ, ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲಕ್ಕೆ ಅಂದ್ರೆ 2001ಕ್ಕೆ ತುಂಗಾ ಫಾಂಟ್ ಜೊತೆ ಬಂತು. ಆದ್ರೆ ಯೂನಿಕೋಡ್‌ಗಿಂತ ಹಿಂದಿನ ರೀತಿಲಿ ಬರೆದ ಸಾಫ್ಟ್‌ವೇರ್‌ಗಳು ಅಕ್ಷರಗಳನ್ನ ಕೋಡ್ ಪೇಜ್ ಅನ್ನೋ ಪಟ್ಟಿ ನೋಡಿ ಓದ್ತವೆ. ರಷ್ಯನ್‌ಗೆ ಅಂಥ ಒಂದು ಪಟ್ಟಿ ವಿಂಡೋಸ್‌ನಲ್ಲಿದೆ, ಗ್ರೀಕ್‌ಗೆ ಇದೆ, ಥಾಯ್‌ಗೂ ಇದೆ. ಕನ್ನಡಕ್ಕೆ ಇಲ್ಲ, ತಮಿಳು ತೆಲುಗು ಹಿಂದಿಗೂ ಇಲ್ಲ, ಇವೆಲ್ಲ ವಿಂಡೋಸ್‌ನಲ್ಲಿ ಯೂನಿಕೋಡ್ ಮೂಲಕ ಮಾತ್ರ ಕೆಲಸ ಮಾಡೋ ಭಾಷೆಗಳು. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಅದು ಹಳೇ ರೀತಿದು. ನೀವು ಲಗ್ನಪತ್ರಿಕೆ ಮೇಲೆ ಡಬಲ್ ಕ್ಲಿಕ್ ಮಾಡ್ತೀರ, ವಿಂಡೋಸ್ ಸರಿಯಾದ ಪ್ರೋಗ್ರಾಂನೇ ಕರಿಯುತ್ತೆ, ಹೆಸರು ಕೈ ಬದಲಾಯಿಸೋ ಹೊತ್ತಿಗೆ ಪ್ರತಿ ಕನ್ನಡ ಅಕ್ಷರದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಕೂತಿರುತ್ತೆ. ಆ ಹೆಸರಿನ ಫೈಲ್ ಎಲ್ಲೂ ಇಲ್ಲ. ಫೋಲ್ಡರ್ ಹೆಸರು ಕನ್ನಡದಲ್ಲಿದ್ರೂ ಇದೇ ಆಗುತ್ತೆ, ಫೈಲ್ ಹೆಸರು ಇಂಗ್ಲಿಷ್ ಇದ್ರೂ ಸಹ. ವಿಂಡೋಸ್ ಲಾಗಿನ್ ಫೋಲ್ಡರ್ ಹೆಸರೇ ಕನ್ನಡದಲ್ಲಿದ್ರಂತೂ ಡೆಸ್ಕ್‌ಟಾಪ್‌ನಲ್ಲಿರೋ ಯಾವ ಫೈಲೂ ಇಂಥ ಸಾಫ್ಟ್‌ವೇರ್‌ಗೆ ಸಿಗಲ್ಲ.

ಗಾಂಧಿಬಜಾರ್_ಕಾಫಿ
ಸರ್, ರೀಜನ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ ಲೊಕೇಲ್ ಬದಲಾಯಿಸೋ ಕಡೆ ಯುಟಿಎಫ್-8, ಅಂದ್ರೆ ಯೂನಿಕೋಡ್ ಅಕ್ಷರಗಳನ್ನ ಬೈಟ್‌ಗಳಲ್ಲಿ ಬರಿಯೋ ರೀತಿ, ಅದರ ಬೀಟಾ ಅಂತ ಒಂದು ಟಿಕ್ ಬಾಕ್ಸ್ ಇದೆ ಅಲ್ವಾ, ಅದು ಹಾಕಿದ್ರೆ ಸರಿ ಹೋಗುತ್ತೆ ಅಂತ ಓದಿದೀನಿ.

ಲಿಪಿಕಾರ
ಬೇರೆಯವ್ರಿಗೆ ಅದು ಸರಿ ಹೋಗಬಹುದು, ಡಿಟಿಪಿ ಮಾಡೋರು ಮಾತ್ರ ಅದನ್ನ ಮುಟ್ಟಲೇಬಾರದು, ದಯವಿಟ್ಟು. ನುಡಿ, ಶ್ರೀಲಿಪಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿರೋ ಪಠ್ಯದಲ್ಲಿ ಕನ್ನಡ ಅಕ್ಷರದ ತುಂಡುಗಳು ಇಂಗ್ಲಿಷ್ ಕೋಡ್ ಪೇಜ್‌ನ ಮೇಲಿನ ಅರ್ಧದಲ್ಲಿ, ಅಂದ್ರೆ 128ರಿಂದ 255ರವರೆಗಿನ ಜಾಗದಲ್ಲಿ ತುಂಬಾ ಇರ್ತವೆ. ಆ ಟಿಕ್ ಹಾಕಿದ ತಕ್ಷಣ ಹಳೇ ಸಾಫ್ಟ್‌ವೇರ್‌ಗಳು ಆ ಬೈಟ್‌ಗಳನ್ನ ಯುಟಿಎಫ್-8 ಅಂತ ಓದೋಕೆ ಹೋಗ್ತವೆ, ಅದು ಯುಟಿಎಫ್-8 ಅಲ್ಲವೇ ಅಲ್ಲ, ಕಾರ್ಡ್‌ನಲ್ಲಿರೋ ಒಕ್ಕಣೆ ಕಲಸಿಹೋಗೋ ಸಾಧ್ಯತೆ ಜಾಸ್ತಿ. ಹಾಗೆ ಕಲಸಿರೋದನ್ನ ಸೇವ್ ಮಾಡಿಬಿಟ್ರೆ ಮುಗೀತು.

ಅಚ್ಚುಮೊಳೆ ಅವರೇ, ನಿಮಗೆ ನನ್ನ ಸಲಹೆ, ಪೇಜ್‌ಮೇಕರ್ ಫೈಲ್‌ಗಳಿರೋ ಫೋಲ್ಡರ್ ಮತ್ತು ಫೈಲ್ ಎರಡಕ್ಕೂ ಇಂಗ್ಲಿಷ್ ಅಕ್ಷರದ ಹೆಸರೇ ಇಡಿ. ಕನ್ನಡದಲ್ಲಿ ಹೆಸರಿಡ್ಬೇಡಿ ಅಂತ ಹೇಳೋಕೆ ನನಗೆ ಮನಸ್ಸಿಲ್ಲ, ಇಷ್ಟು ವರ್ಷ ಕನ್ನಡ ಕಂಪ್ಯೂಟರ್‌ನಲ್ಲಿ ಬರಲಿ ಅಂತ ಓಡಾಡಿದವರಲ್ಲಿ ನಾನೂ ಒಬ್ಬ. ಆದ್ರೆ ಈ ಒಂದು ಸಾಫ್ಟ್‌ವೇರ್‌ಗೆ ಬೇರೆ ಉಪಾಯ ಇಲ್ಲ. ಜೊತೆಗೆ ಮುಖ್ಯವಾದ ಹಳೇ ಕೆಲಸಗಳನ್ನ ನಿಧಾನಕ್ಕೆ ಹೊರಗೆ ತನ್ನಿ. ಇನ್‌ಡಿಸೈನ್ ಸಿಎಸ್6ವರೆಗೆ ಪೇಜ್‌ಮೇಕರ್ 6, 6.5, 7 ಫೈಲ್‌ಗಳನ್ನ ತೆಗೀತಿತ್ತು, ಆಮೇಲಿನ ಆವೃತ್ತಿಗಳಲ್ಲಿ ಆ ಸೌಲಭ್ಯ ಇಲ್ಲ. ಲಿಬ್ರೆ ಆಫೀಸ್ ಡ್ರಾ 2015ರ 4.4 ಆವೃತ್ತಿಯಿಂದ ಪೇಜ್‌ಮೇಕರ್ ಫೈಲ್ ಓದುತ್ತೆ, ಕೋರಲ್ ಫೈಲ್ ಅದಕ್ಕೂ ಮುಂಚಿಂದ ಓದುತ್ತೆ, ಉಚಿತ. ಜೋಡಣೆ ನೂರಕ್ಕೆ ನೂರು ಬರಲ್ಲ, ಒಳಗಿನ ಪಠ್ಯ ಆದ್ರೂ ಕೈಗೆ ಸಿಗುತ್ತೆ, ಫಾಂಟ್ ಮಾತ್ರ ಸಿಸ್ಟಂನಲ್ಲಿರ್ಬೇಕು.

ಅಚ್ಚುಮೊಳೆ
ಇಂಗ್ಲಿಷ್ ಹೆಸರು ಹಾಕ್ದೆ, ಓಪನ್ ಆಗ್ತಿವೆ ಸರ್. ಕೋಟ್ಸ್ ಹಾಕಿದ ಮೇಲೆ ಸ್ಪೇಸ್ ಇರೋವೂ ಬರ್ತಿವೆ. ಯುಟಿಎಫ್ ಟಿಕ್ ಬಗ್ಗೆ ಎಚ್ಚರಿಸಿದ್ದು ದೊಡ್ಡ ಉಪಕಾರ, ಹೋದ ತಿಂಗಳು ಪಕ್ಕದ ಅಂಗಡಿಯವ್ರು ಅದನ್ನೇ ಹಾಕೋಣ ಅಂತಿದ್ರು, ಇವತ್ತೇ ಹೇಳ್ತೀನಿ ಅವ್ರಿಗೆ.

ಲೆಕ್ಕಪತ್ರ_ಜಯನಗರ
ಇಲ್ಲೇ ಕೇಳ್ಬಹುದಾ? ನಮ್ಮ ಆಫೀಸ್‌ನಲ್ಲಿ ಒಂದು ಸಿಸ್ಟಂನಲ್ಲಿ ಡೆಸ್ಕ್‌ಟಾಪ್ ಮೇಲಿರೋ ಎಲ್ಲಾ ಐಕಾನೂ ಒಂದೇ ಥರ ಆಗಿವೆ, ಎಕ್ಸೆಲ್ ಒತ್ತಿದ್ರೂ ನೋಟ್‌ಪ್ಯಾಡ್, ಬ್ರೌಸರ್ ಒತ್ತಿದ್ರೂ ನೋಟ್‌ಪ್ಯಾಡ್, ಅದ್ರೊಳಗೆ ಏನೇನೋ ಚಿತ್ರವಿಚಿತ್ರ ಅಕ್ಷರ. ಜಿಎಸ್‌ಟಿ ರಿಟರ್ನ್ ಹಾಕೋ ಕೊನೇ ದಿನ ಹತ್ರ ಬಂದಿದೆ. ಇನ್ನೊಂದು ಸಿಸ್ಟಂನಲ್ಲಿ ಪಿಡಿಎಫ್ ಎಲ್ಲ ಬ್ರೌಸರ್‌ನಲ್ಲಿ ಓಪನ್ ಆಗುತ್ತೆ, ನಮಗೆ ಡಿಜಿಟಲ್ ಸಹಿ ಪರಿಶೀಲಿಸೋಕೆ ಪಿಡಿಎಫ್ ರೀಡರ್‌ನಲ್ಲೇ ಬೇಕು.

ಎಸ್‌ಪಿರೋಡ್_ಹುಡುಗ
ಮೇಡಂ, ಮೊದಲ ಸಿಸ್ಟಂನಲ್ಲಿ ಸಾಫ್ಟ್‌ವೇರ್ ಯಾವುದೂ ಕೆಟ್ಟಿಲ್ಲ. ಡೆಸ್ಕ್‌ಟಾಪ್ ಮೇಲಿರೋದು ಶಾರ್ಟ್‌ಕಟ್, ಅವುಗಳ ಎಕ್ಸ್‌ಟೆನ್ಷನ್ ಡಾಟ್ ಎಲ್‌ಎನ್‌ಕೆ. ಯಾರೋ ಒಂದು ಶಾರ್ಟ್‌ಕಟ್‌ಗೆ ಓಪನ್ ವಿತ್ ನೋಟ್‌ಪ್ಯಾಡ್ ಕೊಟ್ಟಿರ್ತಾರೆ, ಎಲ್ಲಾ ಶಾರ್ಟ್‌ಕಟ್‌ಗೂ ಅದೇ ಅನ್ವಯ ಆಗಿದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ ರೆಜ್‌ಎಡಿಟ್ ತೆಗೀರಿ, ಅದು ಶಾರ್ಟ್‌ಕಟ್ ಮೂಲಕ ಹೋಗಲ್ಲ ಅದಕ್ಕೆ ತೆರೆಯುತ್ತೆ. ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಎಕ್ಸ್‌ಪ್ಲೋರರ್, ಫೈಲ್‌ಎಕ್ಸ್‌ಟ್ಸ್, ಅದ್ರೊಳಗೆ ಡಾಟ್ ಎಲ್‌ಎನ್‌ಕೆ. ಎಕ್ಸ್‌ಪೋರ್ಟ್ ತಗೊಂಡು ಅದ್ರಲ್ಲಿರೋ ಯೂಸರ್‌ಚಾಯ್ಸ್ ಮಾತ್ರ ಡಿಲೀಟ್ ಮಾಡಿ, ಸೈನ್ ಔಟ್ ಆಗಿ ಬನ್ನಿ. ರಿಟರ್ನ್ ಅರ್ಜೆಂಟ್ ಇದ್ರೆ ಅದಕ್ಕೂ ಮುಂಚೆ ಸಿ ಡ್ರೈವ್ ಒಳಗೆ ಹೋಗಿ ಎಕ್ಸೆಲ್‌ನ ಇಎಕ್ಸ್‌ಇ ನೇರವಾಗಿ ಒತ್ತಿದ್ರೂ ಕೆಲ್ಸ ನಡಿಯುತ್ತೆ.

ಪಿಡಿಎಫ್‌ಗೆ ರಿಜಿಸ್ಟ್ರಿ ಹಾದಿ ಹಿಡಿಬೇಡಿ. ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್, ವಿಂಡೋಸ್ 11 ಆದ್ರೆ ಮೇಲಿರೋ ಬಾಕ್ಸ್‌ನಲ್ಲಿ ಡಾಟ್ ಪಿಡಿಎಫ್ ಅಂತ ಟೈಪ್ ಮಾಡಿ ರೀಡರ್ ಆರ್ಸಿ. 2024ರಿಂದ ವಿಂಡೋಸ್‌ನಲ್ಲಿ ಪಿಡಿಎಫ್ ಮತ್ತು ವೆಬ್ ಲಿಂಕ್‌ಗಳ ಯೂಸರ್‌ಚಾಯ್ಸ್ ಕಾಯೋಕೆ ಅಂತಾನೇ ಒಂದು ಡ್ರೈವರ್ ಬಂದಿದೆ, ರೆಜ್‌ಎಡಿಟ್‌ನಿಂದ ಮುಟ್ಟೋಕೆ ಹೋದ್ರೆ ಬಿಡಲ್ಲ. ಪರ್ಮಿಷನ್ ಇಲ್ಲ ಅಂತ ಬರುತ್ತೆ, ಜನ ವೈರಸ್ ಅಂದ್ಕೊಂಡು ಗಾಬರಿ ಆಗ್ತಾರೆ.

ಲೆಕ್ಕಪತ್ರ_ಜಯನಗರ
ಎರಡೂ ಸರಿ ಹೋಯ್ತು. ತುಂಬಾ ಉಪಕಾರ ಆಯ್ತು. ಎಲ್ಲ ಶಾರ್ಟ್‌ಕಟ್ಟೂ ವಾಪಸ್ ಬಂದ್ವು.

ನಾಗರಬಾವಿ_ಸೈಬರ್
ಕ್ಲೀನರ್ ವಿಷ್ಯ ಒಪ್ಪಿದೆ ಗುರು. ನನ್ನ ಪ್ರಶ್ನೆ ಬೇರೆ. ಸೆಂಟರ್‌ನಲ್ಲಿ ಸಾಲಾಗಿ ಸಿಸ್ಟಂ ಇದಾವೆ, ಜನ ಖಾತಾ ಪ್ರತಿ, ಕರೆಂಟ್ ಬಿಲ್, ಮಾರ್ಕ್ಸ್ ಕಾರ್ಡ್ ಎಲ್ಲ ಪಿಡಿಎಫ್ ಪ್ರಿಂಟ್ ತಗೋಳೋಕೆ ಬರ್ತಾರೆ. ಪ್ರತಿಯೊಂದರಲ್ಲೂ ಕೂತು ಡೀಫಾಲ್ಟ್ ಸೆಟ್ ಮಾಡೋ ಬದ್ಲು ಒಂದೇ ಸಲಕ್ಕೆ ಮಾಡೋಕಾಗುತ್ತಾ?

ಎಸ್‌ಪಿರೋಡ್_ಹುಡುಗ
ಆಗುತ್ತೆ, ಒಂದು ಮಿತಿ ಇದೆ. ಒಂದು ಸಿಸ್ಟಂನಲ್ಲಿ ಎಲ್ಲ ಸರಿಯಾಗಿ ಸೆಟ್ ಮಾಡಿ, ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆಗೆದು ಡಿಸ್ಮ್ ಕಮಾಂಡ್‌ಗೆ ಆನ್‌ಲೈನ್, ಎಕ್ಸ್‌ಪೋರ್ಟ್ ಡೀಫಾಲ್ಟ್ ಆ್ಯಪ್ ಅಸೋಸಿಯೇಷನ್ಸ್ ಅಂತ ಕೊಟ್ಟು ಒಂದು ಎಕ್ಸ್‌ಎಂಎಲ್ ಫೈಲ್ ಹೊರಗೆ ತೆಗೀರಿ. ಬೇರೆ ಸಿಸ್ಟಂಗಳಲ್ಲಿ ಎಕ್ಸ್‌ಪೋರ್ಟ್ ಜಾಗದಲ್ಲಿ ಇಂಪೋರ್ಟ್ ಅಂತ ಹಾಕಿ ಅದೇ ಫೈಲ್ ಕೊಡಿ. ಆದ್ರೆ ಇಂಪೋರ್ಟ್ ಮಾಡಿದ ಮೇಲೆ ಹೊಸದಾಗಿ ಕ್ರಿಯೇಟ್ ಮಾಡೋ ಯೂಸರ್‌ಗೆ ಮಾತ್ರ ಇದು ಬರುತ್ತೆ, ಆಗ್ಲೇ ಇರೋ ಲಾಗಿನ್‌ಗಳು ಬದಲಾಗಲ್ಲ. ಸೆಂಟರ್ ಅಲ್ವಾ, ಗಿರಾಕಿಗಳಿಗೆ ಅಂತ ಹೊಸ ಯೂಸರ್ ಅಕೌಂಟ್ ಮಾಡ್ಬಿಡಿ, ಅದು ಹೇಗಿದ್ರೂ ಒಳ್ಳೇದು.

ಅದೇ ಹೊತ್ತಲ್ಲಿ ಎಕ್ಸ್‌ಪ್ಲೋರರ್‌ನ ವ್ಯೂನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಟಿಕ್ ಹಾಕಿ, ಎಲ್ಲಾ ಸಿಸ್ಟಂಗೂ. ವಿಂಡೋಸ್ ಅದನ್ನ ಮುಚ್ಚಿಟ್ಟಿರುತ್ತೆ, ಇನ್‌ವಾಯ್ಸ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಅನ್ನೋದು ಇನ್‌ವಾಯ್ಸ್ ಡಾಟ್ ಪಿಡಿಎಫ್ ಅಂತ ಕಾಣುತ್ತೆ, ಐಕಾನ್ ಕೂಡ ಪಿಡಿಎಫ್‌ದೇ ಅಂಟಿಸಿರ್ತಾರೆ. ಫೋನ್‌ನಲ್ಲಿ ಮದ್ವೆ ಕಾರ್ಡ್ ಅಂತ ಹೇಳಿ ವಾಟ್ಸಾಪ್‌ನಲ್ಲಿ ಎಪಿಕೆ, ಅಂದ್ರೆ ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲ್ ಕಳ್ಸೋ ಮೋಸ 2024ರಲ್ಲಿ ಜೋರಾಗಿ ಸುದ್ದಿಯಾಗಿತ್ತು, ಅದೂ ಇದೇ ಜಾತಿದು. ಹೆಸರಿನ ಕೊನೆ ನೋಡೋ ಅಭ್ಯಾಸ ಜನಕ್ಕೆ ಬಂದ್ರೆ ಎಷ್ಟೋ ಮನೆಗಳ ದುಡ್ಡು ಉಳಿಯುತ್ತೆ. ಅಚ್ಚುಮೊಳೆ ಅಣ್ಣ, ನೀವೂ ಗಿರಾಕಿಗಳಿಗೆ ಕಾರ್ಡ್ ಪಿಡಿಎಫ್ ಕಳ್ಸೋವಾಗ ಇದೊಂದು ಮಾತು ಹೇಳಿ.

ಅಚ್ಚುಮೊಳೆ
ಖಂಡಿತ ಹೇಳ್ತೀನಿ. ನಮ್ಮಲ್ಲಿ ಕಾರ್ಡ್ ಮಾಡಿಸಿದವ್ರು ನೂರಾರು ಜನಕ್ಕೆ ಫಾರ್ವರ್ಡ್ ಮಾಡ್ತಾರೆ, ಅಲ್ಲಿಂದಲೇ ಶುರು ಆಗ್ಬೇಕು.

ಕನ್ನಡಮೇಷ್ಟ್ರು
ನಾನು ಉಬುಂಟು ಲಿನಕ್ಸ್ ಬಳಸೋನು, ಯಾರಾದ್ರೂ ಇದೀರಾ? ಪಿಡಿಎಫ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಚಿತ್ರ ತಿದ್ದೋ ಗಿಂಪ್ ತೆರ್ಕೊಂಡು ಪುಟ ಪುಟಾನೂ ಚಿತ್ರ ಮಾಡ್ಲಾ ಅಂತ ಕೇಳುತ್ತೆ. ಪಾಠದ ನೋಟ್ಸ್ ತೆಗಿಯೋಕೆ ಪ್ರತಿ ಸಲ ಇದೇ ಗೋಳು. ಲಿಬ್ರೆ ಆಫೀಸ್ ಕೂಡ ಹಳೇದನ್ನ ತೆಗ್ದು ಫ್ಲ್ಯಾಟ್‌ಪ್ಯಾಕ್ ಅನ್ನೋ ಪ್ಯಾಕೇಜ್ ರೀತಿಯಿಂದ ಹಾಕಿದ ಮೇಲೆ ಡಾಕ್ಯುಮೆಂಟ್‌ಗಳು ತಾವಾಗಿ ತೆರೆಯೋದು ನಿಂತಿದೆ.

ಕೆಂಗೇರಿ_ಪೆಂಗ್ವಿನ್
ಇದೀನಿ ಮೇಷ್ಟ್ರೇ. ಲಿನಕ್ಸ್‌ನಲ್ಲಿ ಇದು ಇನ್ನೂ ಚೊಕ್ಕ, ಎಲ್ಲ ಓದಬಹುದಾದ ಟೆಕ್ಸ್ಟ್ ಫೈಲಲ್ಲಿ ಇರುತ್ತೆ. ಇಲ್ಲಿ ಬರೀ ಎಕ್ಸ್‌ಟೆನ್ಷನ್ ಅಲ್ಲ, ಮೈಮ್ ಟೈಪ್ ಅಂತ ಫೈಲ್‌ನ ಜಾತಿ ಹೇಳೋ ಹೆಸರು ಒಂದಿದೆ, ಹೆಸರನ್ನೂ ನೋಡುತ್ತೆ, ಬೇಕಾದ್ರೆ ಫೈಲ್‌ನ ಒಳಗಿನ ಮೊದಲ ಬೈಟ್‌ಗಳನ್ನೂ ನೋಡುತ್ತೆ. ಟರ್ಮಿನಲ್‌ನಲ್ಲಿ ಎಕ್ಸ್‌ಡಿಜಿ-ಮೈಮ್ ಕ್ವೆರಿ ಫೈಲ್‌ಟೈಪ್ ಅಂತ ಕೊಟ್ಟು ಫೈಲ್ ಹೆಸರು ಕೊಡಿ, ಅಪ್ಲಿಕೇಶನ್ ಸ್ಲ್ಯಾಶ್ ಪಿಡಿಎಫ್ ಅಂತ ಬರ್ಬೇಕು. ಆಮೇಲೆ ಎಕ್ಸ್‌ಡಿಜಿ-ಮೈಮ್ ಕ್ವೆರಿ ಡೀಫಾಲ್ಟ್ ಕೊಟ್ಟು ಆ ಟೈಪ್ ಕೊಡಿ, ಗಿಂಪ್‌ನ ಡೆಸ್ಕ್‌ಟಾಪ್ ಫೈಲ್, ಅಂದ್ರೆ ಆ ಪ್ರೋಗ್ರಾಂನ ವಿವರ ಇರೋ ಫೈಲ್, ಅದರ ಹೆಸರು ಬರುತ್ತೆ ಅನ್ಸುತ್ತೆ. ಇವೆರಡು ಉತ್ತರ ನೋಡಿದ್ರೆ ತಪ್ಪು ಎಲ್ಲಿದೆ ಗೊತ್ತಾಗುತ್ತೆ, ಮೊದಲನೇದು ತಪ್ಪಿದ್ರೆ ಗುರುತು ಹಿಡಿಯೋದ್ರಲ್ಲಿ, ಎರಡನೇದು ತಪ್ಪಿದ್ರೆ ಆಯ್ಕೆಯಲ್ಲಿ.

ನಿಮ್ಮ ಆಯ್ಕೆಗಳು ಇರೋದು ಹೋಂ ಫೋಲ್ಡರ್‌ನ ಡಾಟ್ ಕಾನ್ಫಿಗ್ ಒಳಗೆ ಮೈಮ್‌ಆ್ಯಪ್ಸ್ ಡಾಟ್ ಲಿಸ್ಟ್ ಅನ್ನೋ ಫೈಲಲ್ಲಿ. ಅದನ್ನ ಟೆಕ್ಸ್ಟ್ ಎಡಿಟರ್‌ನಲ್ಲಿ ತೆಗೀರಿ, ಒಂದು ಕಾಪಿ ಇಟ್ಕೊಂಡು. ಡೀಫಾಲ್ಟ್ ಅಪ್ಲಿಕೇಶನ್ಸ್ ಅನ್ನೋ ಭಾಗದಲ್ಲಿ ಪಿಡಿಎಫ್ ಮುಂದೆ ಗಿಂಪ್ ಇದ್ರೆ ಅದನ್ನ ನಿಮ್ಮ ರೀಡರ್ ಹೆಸರಿಗೆ ಬದಲಾಯಿಸಿ. ರಿಮೂವ್ಡ್ ಅಸೋಸಿಯೇಷನ್ಸ್ ಅನ್ನೋ ಭಾಗಾನೂ ನೋಡಿ, ಅಲ್ಲಿ ನಿಮ್ಮ ರೀಡರ್ ಕೂತಿದ್ರೆ ಅದು ಓಪನ್ ವಿತ್ ಪಟ್ಟಿಗೂ ಬರಲ್ಲ.

ಲಿಬ್ರೆ ಆಫೀಸ್ ವಿಷ್ಯಾನೂ ಅಲ್ಲೇ ಸಿಗುತ್ತೆ. ಡಿಸ್ಟ್ರೋ, ಅಂದ್ರೆ ಉಬುಂಟುವಿನದೇ ಪ್ಯಾಕೇಜ್‌ನಲ್ಲಿ ರೈಟರ್‌ನ ಡೆಸ್ಕ್‌ಟಾಪ್ ಫೈಲ್ ಹೆಸರು ಲಿಬ್ರೆಆಫೀಸ್-ರೈಟರ್, ಫ್ಲ್ಯಾಟ್‌ಪ್ಯಾಕ್‌ನಲ್ಲಿ ಅದು ಆರ್ಗ್ ಡಾಟ್ ಲಿಬ್ರೆಆಫೀಸ್ ಅಂತ ಶುರುವಾಗೋ ಉದ್ದದ ಹೆಸರು. ಪ್ರೋಗ್ರಾಂ ಅದೇ, ಹೆಸರು ಬೇರೆ, ಪಟ್ಟಿಯಲ್ಲಿ ಹಳೇ ಹೆಸರೇ ಇದೆ.

ಕನ್ನಡಮೇಷ್ಟ್ರು
ಪಿಡಿಎಫ್ ಸರಿ ಹೋಯ್ತು, ನೀವು ಹೇಳಿದ ಜಾಗದಲ್ಲೇ ಗಿಂಪ್ ಇತ್ತು. ರೈಟರ್ ಹೆಸರೂ ಬದಲಾಯಿಸಿದೆ, ಅದು ಮಾತ್ರ ಇನ್ನೂ ತೆರೆಯಲ್ಲ. ಇನ್ನೊಂದು, ನಾನು ಸ್ನ್ಯಾಪ್ ಅನ್ನೋ ಇನ್ನೊಂದು ಪ್ಯಾಕೇಜ್ ರೀತಿಯಿಂದ ಹಾಕಿರೋ ಒಂದು ವೀಡಿಯೋ ಪ್ಲೇಯರ್ ಹೋಂ ಫೋಲ್ಡರ್ ಫೈಲ್ ತೆಗಿಯುತ್ತೆ, ಪೆನ್‌ಡ್ರೈವ್‌ದು ತೆಗಿಯಲ್ಲ. ಇದೂ ಅಸೋಸಿಯೇಷನ್ ತೊಂದ್ರೆನಾ?

ಕೆಂಗೇರಿ_ಪೆಂಗ್ವಿನ್
ಪೆನ್‌ಡ್ರೈವ್‌ದು ಅಸೋಸಿಯೇಷನ್ ಅಲ್ಲ, ಅನುಮತಿ. ಸ್ನ್ಯಾಪ್‌ಗಳನ್ನ ಒಂದು ಬೇಲಿ ಒಳಗೆ ಇಟ್ಟಿರ್ತಾರೆ. ಸುಡೋ ಸ್ನ್ಯಾಪ್ ಕನೆಕ್ಟ್ ಅಂತ ಕೊಟ್ಟು ಆ ಸ್ನ್ಯಾಪ್ ಹೆಸರು, ಕೋಲನ್, ರಿಮೂವಬಲ್-ಮೀಡಿಯಾ ಅಂತ ಮಧ್ಯ ಸ್ಪೇಸ್ ಇಲ್ದೆ ಸೇರ್ಸಿ.

ರೈಟರ್‌ಗೆ ಒಂದ್ಸಲ ಲಾಗ್ ಔಟ್ ಆಗಿ ಬನ್ನಿ. ಫ್ಲ್ಯಾಟ್‌ಪ್ಯಾಕ್ ತನ್ನ ಡೆಸ್ಕ್‌ಟಾಪ್ ಫೈಲ್‌ಗಳನ್ನ ವಾರ್, ಲಿಬ್, ಫ್ಲ್ಯಾಟ್‌ಪ್ಯಾಕ್, ಎಕ್ಸ್‌ಪೋರ್ಟ್ಸ್ ಅನ್ನೋ ಜಾಗದಲ್ಲಿಡುತ್ತೆ, ಫ್ಲ್ಯಾಟ್‌ಪ್ಯಾಕ್ ಈಗ ಮೊದಲ ಸಲ ಹಾಕಿದ್ರೆ ಆ ಜಾಗ ನಿಮ್ಮ ಸೆಷನ್‌ಗೆ ಗೊತ್ತಾಗೋದು ಮುಂದಿನ ಲಾಗಿನ್‌ಗೆ. ಬಂದ ಮೇಲೂ ಆಗ್ಲಿಲ್ಲ ಅಂದ್ರೆ ಎಕ್ಸ್‌ಡಿಜಿ-ಮೈಮ್ ಕ್ವೆರಿ ಡೀಫಾಲ್ಟ್ ಏನು ಹೇಳುತ್ತೆ ಅದನ್ನ ಇಲ್ಲೇ ಹಾಕಿ, ನೋಡೋಣ.

ಕನ್ನಡಮೇಷ್ಟ್ರು
ಲಾಗ್ ಔಟ್ ಆಗಿ ಬಂದೆ, ರೈಟರ್ ತೆರೀತು. ಪೆನ್‌ಡ್ರೈವ್ ವೀಡಿಯೋನೂ ಓಡ್ತಿದೆ. ಶಾಲೆಯ ಲ್ಯಾಬ್‌ನಲ್ಲೂ ಇದೇ ಆಗಿದೆ, ನಾಳೆ ಹೋಗಿ ಅಲ್ಲಿಂದೂ ಮಾಡ್ತೀನಿ.